ಖಾಲಿ ಮರಳದ ತಾಟು

ನಮ್ಮ ಅತ್ತೆಯ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಿತ್ತು. ಹರೆಯದಲ್ಲಿ ಚಕ್ಕಡಿ ಹೂಡುವಾಗ ನೊಗದ ಸಂದಿಯಲ್ಲಿ ಸಿಕ್ಕು ಮುರಿದಿತ್ತಂತೆ. ಯಾರೋ ಬಟ್ಟೆ ಸುತ್ತಿ ಕಟ್ಟಿದರು, ಬೆರಳು ತನಗೆ ತೋಚಿದ ದಿಕ್ಕಿಗೆ ಕೂಡಿಕೊಂಡಿತು. ಹೀಗಾಗಿ ಅವರು ಒಬ್ಬರಿಗೆ ಬೆರಳು ಮಾಡಿ ಬೈದರೆ ಅದು ಪಕ್ಕದಲ್ಲಿ ಕೂತವರನ್ನು ತೋರಿಸುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಬೈಗುಳವೆಲ್ಲ ನನ್ನ ಗಂಡನ ಪಾಲಿನದು ಎಂದುಕೊಂಡು ಹಾಯಾಗಿದ್ದೆ. ಅದು ನನ್ನ ಪಾಲಿನದೆಂದು ಗೊತ್ತಾಗುವಷ್ಟರಲ್ಲಿ ಅವರ ಬೈಗುಳ ಕೇಳಿ ಕೇಳಿ ರೂಢಿಯೂ ಆಗಿತ್ತು.

ನನ್ನ ತವರು ಗುಡಗೇರಿ. ಕೊಟ್ಟದ್ದು ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ. ಬಂದ ವಾರದಲ್ಲೇ ಮನೆ ಗುಡಿಸಿ, ಕಸದಲ್ಲಿ ಸಿಕ್ಕ ಶಾಂಪೂ ಚೀಟಿ, ಹರಿದ ಕ್ಯಾರಿಬ್ಯಾಗು ಎಲ್ಲ ಒಂದೆಡೆ ಮಾಡಿ ಕೇಳಿದೆ.

“ಅತ್ತಿ, ಇದನ್ನೆಲ್ಲಿ ಒಗೀಲ್ರಿ?”

“ಎಲ್ಲಿ ಒಗೀಬೇಕಂತೀ?”

“ಹೊರಗ.”

“ಹೊರಗಂದ್ರ ಯಾರ ಮನಿ?”

ನಾನು ಕಸವನ್ನೆಲ್ಲ ತಿರುಗಿ ಮೂಲೆಗೆ ಸರಿಸಿದೆ. ಆಮೇಲೆ ಆ ಮನೆಯಲ್ಲಿ ಕಳೆದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ನನ್ನ ಗಂಡ ಗುಟ್ಕಾ ಚೀಟಿ ಉಗುಳಿನ ಜೊತೆ ಕಿಡಕಿಯಾಚೆ ತೂರಿದರೆ ಅದೇ ಪ್ರಶ್ನೆ. ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತ ಹೆಣ್ಣುಮಗಳು ಬಿಸ್ಕಿಟಿನ ಹಾಳೆ ಹೊರಗೆ ಬಿಟ್ಟರೂ ಅದೇ ಪ್ರಶ್ನೆ. ಜೊತೆಗಿದ್ದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕು.

ಮಹಾನವಮಿಯಿಂದ ದೀಪಾವಳಿಯವರೆಗೆ ಅವರನ್ನು ಹಿಡಿಯುವವರೇ ಇರಲಿಲ್ಲ. ಹಬ್ಬಕ್ಕೆ ಹೂ ಕೊಳ್ಳುವುದು ಅವರ ಪ್ರಕಾರ ನಾಚಿಕೆಗೇಡು. ಮೆಣಸಿನ ಹೊಲದ ಬದುವಿನ ಗುಂಟ ಚೆಂಡುಹೂ ಹಾಕಿಸುತ್ತಿದ್ದರು. ಹಬ್ಬ ಮುಗಿದ ಮಾಲೆ ತಿಪ್ಪೆಗೆ, ಅದರಲ್ಲಿ ದಪ್ಪನೆಯ ನಾಲ್ಕು ಹೂವು ಒಣಗಿಸಿ ಬಟ್ಟೆಯ ಗಂಟಿನಲ್ಲಿ ಮುಂದಿನ ವರ್ಷದ ಬೀಜಕ್ಕೆ. ಹೋದ ವರ್ಷದ ಪಣತಿಗಳನ್ನು ಬೂದಿ ಹಚ್ಚಿ ತಿಕ್ಕಿ ಬಿಸಿಲಿಗೆ ಇಡುವುದು ನನ್ನ ಕೆಲಸ. ನನಗೆ ಹೊಲಿಗೆ ಬರುತ್ತದೆಂದು ತಿಳಿದ ಮೇಲಂತೂ ಮನೆಯ ಹಳೆಯ ಸೀರೆಗಳೆಲ್ಲ ಸಂತೆಯ ಚೀಲಗಳಾದವು. ಅಣ್ಣಿಗೇರಿಗೆ ಸಂತೆಗೆ ಹೋದರೆ ನಮ್ಮ ಓಣಿಯ ಹೆಣ್ಣುಮಕ್ಕಳ ಕೈಯಲ್ಲಿ ಯಾರ ಯಾರ ಮದುವೆಯ ಸೀರೆ ಇದೆ ಎಂದು ನಾನು ಗುರುತಿಸಬಲ್ಲೆ.

ವಿಜಯದಶಮಿಯ ದಿನ ನಮ್ಮ ಹೊಲದ ಬನ್ನಿಮರದ ಹತ್ತಿರ ಬೆಳಗಿನಿಂದಲೇ ಕಾವಲು. ಹುಡುಗರು ಬಂದು ಟೊಂಗೆ ಟೊಂಗೆಯೇ ಮುರಿದು ಒಯ್ಯುತ್ತಾರೆಂಬ ಸಿಟ್ಟು. ಬಂದವರಿಗೆಲ್ಲ ತಾವೇ ಒಂದೊಂದು ಎಸಳು ಕಿತ್ತು ಕೊಡುವರು. “ಬಂಗಾರ ಅಂತೀರಿ, ಬಂಗಾರದ ಅಂಗಡ್ಯಾಗ ಹಿಂಗ ಬಾಚಿ ತಗೋತೀರೇನ್ಲೇ?” ಎಂದು ಕೇಳಿದರೆ ಹುಡುಗರು ನಕ್ಕು, “ಬನ್ನಿ ತಗೊಂಡು ಬಂಗಾರದಂಗ ಇರೂಣುರಿ ಆಯಿ” ಎಂದು ಅವರ ಕೈಗೇ ಒಂದು ಎಲೆ ಇಟ್ಟು ಕಾಲಿಗೆ ಬೀಳುತ್ತಿದ್ದರು. ಅಲ್ಲಿಗೆ ಅತ್ತೆ ಮೆತ್ತಗಾಗಿಬಿಡುವರು.

ಇದನ್ನೆಲ್ಲ ಕೇಳಿ ಅವರು ಬಲು ಸಾಧ್ವಿ ಎಂದು ತಿಳಿಯಬೇಡಿ. ಜಗಳಗಂಟಿ. ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಕೊಂಡು, ಕೇಳಿದರೆ ಸಕ್ಕರೆಯೇ ಹಾಕಿಲ್ಲ ಎನ್ನುವವರು. ಸಂತೆಯಲ್ಲಿ ಬಳೆಗಾರನನ್ನು ಕಂಡರೆ ತಡೆಯಲಾಗದು. ಇನ್ನು ಕೊಟ್ಟು ತೆಗೆದುಕೊಳ್ಳುವ ವಿಷಯದಲ್ಲಿ ಅವರಿಗೆ ದೊಡ್ಡ ಗರ್ವ. ನಮ್ಮಲ್ಲಿ ನೆರೆಮನೆಗೆ ಏನಾದರೂ ಮಾಡಿದ ಅಡುಗೆ ಕೊಟ್ಟು ಕಳಿಸಿದರೆ ಆ ತಾಟು ಖಾಲಿ ಮರಳಬಾರದು. ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ, ಎರಡು ಮೆಣಸಿನಕಾಯಿಯಾದರೂ ಇಟ್ಟು ಕೊಡಬೇಕು. ಇದು ಎಲ್ಲ ಮನೆಯಲ್ಲೂ ಇರುವ ಪದ್ಧತಿಯೇ. ಆದರೆ ಅತ್ತೆ ಇದರ ಮೇಲೆಯೇ ಮನೆತನಗಳನ್ನು ತೂಗುತ್ತಿದ್ದರು. ಯಾರದಾದರೂ ಹೆಣ್ಣು ಗಂಡಿನ ಮಾತು ಬಂದರೆ, “ಒಳ್ಳೇ ಮಂದಿ, ತಾಟು ಖಾಲಿ ಕಳಸಂಗಿಲ್ಲ” ಎನ್ನುವರು. ಅವರ ಬಾಯಿಂದ ಬರುವ ಅತಿ ಕೆಟ್ಟ ಬೈಗುಳವೂ ಇದೇ ಆಗಿತ್ತು: “ಖಾಲಿ ತಾಟಿನ ಮನಿತನ.”

ಶೀಗಿ ಹುಣ್ಣಿಮೆ ಅವರ ಪಾಲಿಗೆ ಎಲ್ಲ ಹಬ್ಬಕ್ಕಿಂತ ದೊಡ್ಡದು. ದಸರೆಯಾದ ಮೇಲೆ ಬರುವ ಹುಣ್ಣಿಮೆ. ಬೆಳೆ ಹೊತ್ತ ಭೂಮಿ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕೆಂದು ಹೊಲಕ್ಕೆ ಅಡುಗೆ ಹೊತ್ತು ಹೋಗುತ್ತೇವೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ. ಮರದ ಕೆಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಬೀರುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಭೂಮಿ ಉಂಡ ಮೇಲೆ ನಮ್ಮ ಊಟ. ನಮ್ಮ ಬನ್ನಿಮರದ ನೆರಳು ದೊಡ್ಡದು, ರಸ್ತೆಗೂ ಹತ್ತಿರ. ಹಾಗಾಗಿ ಓಣಿಯ ಮನೆಗಳೆಲ್ಲ ತಮ್ಮ ತಮ್ಮ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ನಮ್ಮ ಹೊಲಕ್ಕೆ ಬಂದು ಕೂಡುವುದು ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದಿತ್ತು. ಅಷ್ಟು ಜನ ತಮ್ಮ ಬದುವಿನಲ್ಲಿ ಕೂತು ಉಣ್ಣುವುದನ್ನು ನೋಡುವಾಗ ಅತ್ತೆಯ ಮುಖದಲ್ಲಿ ಇರುತ್ತಿದ್ದ ಕಳೆ ನಾನು ಬೇರೆ ಯಾವ ದಿನವೂ ಕಂಡಿಲ್ಲ.

ಮೊದಲು ಊಟಕ್ಕೆ ಮುತ್ತಲ ಎಲೆ ಹೊಲಿದು ಮಾಡಿದ ಪತ್ರೋಳಿ ಇದ್ದವು. ಅಳ್ನಾವರದ ಕಡೆಯಿಂದ ಒಬ್ಬರು ಸಂತೆಗೆ ತರುತ್ತಿದ್ದರು. ಅವರು ಬರುವುದು ನಿಂತಿತು. ಒಂದೆರಡು ವರ್ಷ ಮನೆಯ ತಾಟು ಒಯ್ದೆವು. ಆದರೆ ಇಡೀ ಓಣಿ ಉಂಡ ತಾಟು ತಿಕ್ಕಲು ಹೊಲದಲ್ಲಿ ನೀರೆಲ್ಲಿದೆ? ನೀರಿದ್ದರೂ ತಿಕ್ಕುವ ಕೈ ಯಾರದು? ನನ್ನದೂ, ಎಲ್ಲರೂ ಕಾಕು ಎಂದು ಕರೆಯುವ ಎದುರುಮನೆಯ ಹಿರಿಯರದೂ. ಹೀಗಾಗಿ ಒಂದು ವರ್ಷ ಹುಡುಗರು ಟ್ರ್ಯಾಕ್ಟರಿನಲ್ಲಿ ಬೆಳ್ಳಗಿನ ಥರ್ಮಾಕೋಲ್ ತಾಟು, ಪ್ಲಾಸ್ಟಿಕ್ ಗ್ಲಾಸು, ನೀರಿನ ಪಾಕೀಟು ತಂದಾಗ ಹೆಣ್ಣುಮಕ್ಕಳೆಲ್ಲ ಉಸ್ಸೆಂದರು.

“ಇವು ಯೂಜ್ ಅಂಡ್ ಥ್ರೋ ಆಯಿ. ಉಂಡು ಒಗದ್ರ ಮುಗೀತು” ಎಂದರು ಹುಡುಗರು.

“ಎಲ್ಲಿ ಒಗೀತೀರ್ಲೇ?” ಎಂದರು ಅತ್ತೆ. ಅಷ್ಟರಲ್ಲಿ ಹೋಳಿಗೆ ಬಡಿಸಲು ಯಾರೋ ಕರೆದರು. ಆ ಮಾತು ಅಲ್ಲಿಗೇ ನಿಂತಿತು.

ಎಲ್ಲಿ ಒಗೆದರೆಂದು ಗೊತ್ತಾದದ್ದು ಆಮೇಲೆ. ಗಾಳಿಗೆ ಹಾರಿ ಹತ್ತಿ ಗಿಡಗಳಿಗೆ ಸಿಕ್ಕಿಕೊಂಡವು, ಎರಿ ಮಣ್ಣಿನ ಬಿರುಕಿಗೆ ಇಳಿದವು. ಒಂದಷ್ಟು ಬನ್ನಿಮರದ ಬುಡದಲ್ಲೇ ಹೋಳಿಗೆ ತುಪ್ಪ ಮೆತ್ತಿಕೊಂಡು ಬಿದ್ದಿದ್ದವು. ಅಲ್ಲಿ ನಮ್ಮ ಎತ್ತುಗಳನ್ನು ಕಟ್ಟಿದ್ದೆವು.

ವಾರ ಕಳೆದ ಮೇಲೆ ಬಲಗಡೆಯ ಎತ್ತು ಮೆಲುಕಾಡುವುದು ಬಿಟ್ಟಿತು. ಹೊಟ್ಟೆ ಉಬ್ಬಿತು. ಅತ್ತೆ ಅಜವಾನ, ಇಂಗು, ಎಣ್ಣೆ ಏನೇನೋ ಕುಡಿಸಿದರು. ಅದರ ಕೊರಳ ಕೆಳಗಿನ ತೊಗಲು ತಿಕ್ಕುತ್ತಾ ಕೊಟ್ಟಿಗೆಯಲ್ಲೇ ಕೂತರು. ಪಶು ಡಾಕ್ಟರು ಬಂದು ಸೂಜಿ ಮಾಡಿದರೂ ಉಳಿಯಲಿಲ್ಲ. ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು. ಕ್ಯಾರಿಬ್ಯಾಗು, ದಾರ, ಬೆಳ್ಳನೆಯ ಚೂರುಗಳು ಎಲ್ಲ ಕೂಡಿ ಬಿಗಿದ ಒಂದು ಉಂಡೆ.

“ಇದು ಒಂದು ದಿನದ್ದಲ್ಲ ಯವ್ವಾ. ಭಾಳ ವರ್ಷದಿಂದ ತಿಂದೈತಿ. ಕಡೀಕ ತಿಂದದ್ದು ತಡಕೊಳ್ಳಲಿಲ್ಲ” ಎಂದರು ಡಾಕ್ಟರು.

ಅತ್ತೆ ಅಳಲಿಲ್ಲ. ಆ ಉಂಡೆಯನ್ನು ನೀರಲ್ಲಿ ತೊಳೆದು, ಕೊಟ್ಟಿಗೆಯ ಗೂಟಕ್ಕೆ, ಆ ಎತ್ತಿನ ಹಗ್ಗ ಇರುತ್ತಿದ್ದ ಜಾಗದಲ್ಲಿ ಕಟ್ಟಿದರು. ತೆಗೆಯಿರಿ ಎಂದು ನಾನು ಎಷ್ಟು ಹೇಳಿದರೂ ತೆಗೆಯಲಿಲ್ಲ. “ಇದು ನಾವು ಹೊರಗ ಒಗದದ್ದು. ತಿರುಗಿ ಮನಿಗಿ ಬಂತು ನೋಡು” ಎಂದರು. ಆ ದೀಪಾವಳಿ ಪಾಡ್ಯಕ್ಕೆ ಒಂಟಿ ಎತ್ತಿಗೆ ಕೋಡಿನ ಬಣ್ಣ ಬಳಿಯಲು ಅವರಿಗೆ ಮನಸ್ಸಾಗಲಿಲ್ಲ. ಅದನ್ನು ತಮ್ಮ ತವರಿಗೆ ಕೊಟ್ಟುಬಿಟ್ಟರು.

ಮರುವರ್ಷ ಬನ್ನಿ ಕೊಡುವ ದಿನ, ಓಣಿಯವರೆಲ್ಲ ಕಟ್ಟೆಗೆ ಕೂಡಿದ್ದಾಗ ಅತ್ತೆ ಎದ್ದು ನಿಂತು ಹೇಳಿದರು.

“ಈ ಸಲ ಶೀಗಿ ಹುಣ್ಣಿವಿಗೆ ಆ ಬೆಳ್ಳನ ತಾಟು ನಮ್ಮ ಹೊಲದಾಗ ಕಾಲಿಡಬಾರದು. ಉಣ್ಣಾಕ ಬರವರು ತಮ್ಮ ತಮ್ಮ ತಾಟು ತಗೊಂಡು ಬರ್ರಿ. ಉಂಡು ಮನಿಗಿ ಒಯ್ದು ತೊಳಕೋರ್ರಿ. ಯಾರಿಗೂ ತ್ರಾಸಿಲ್ಲ.”

 ಅವರ ಬೆರಳು ಎದುರುಮನೆಯ ಕಾಕುವಿನ ಕಡೆ ತೋರಿಸುತ್ತಿತ್ತು, ಅದು ಸೊಟ್ಟ ಬೆರಳಿನ ತಪ್ಪು. ಕಾಕು ಅದನ್ನು ತನಗೇ ಎಂದು ತೆಗೆದುಕೊಂಡರು. ಕಾಕು ಅತ್ತೆಯ ವಾರಗೆಯ ಸಮವಯಸ್ಕರು, ಒಂದೇ ವರ್ಷ ಇಬ್ಬರೂ ಈ ಓಣಿಗೆ ಸೊಸೆಯಾಗಿ ಬಂದವರು.

“ಕರದವರ ಕಡೆ ತಾಟು ಹಿಡಕೊಂಡು ಬರಾಕ ನಾವೇನು ಬೇಡಾಕ ಬಂದೀವೇನ್ ಬೇ?”

“ಬೇಡಾಕ ಯಾರು ಅಂದ್ರು? ಉಣ್ಣಾಕ ಬಾ ಅಂದೆ.”

“ಉಣ್ಣಾಕ ಕರದವರು ತಾಟು ಹಾಕಬೇಕು. ಆಗಂಗಿಲ್ಲಾ, ಕರೀಬ್ಯಾಡ.”

ಕಾಕುವಿನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಸೀಮೆಯಲ್ಲಿ ತಾಟು ಹಿಡಿದು ಇನ್ನೊಬ್ಬರ ಕಡೆ ಊಟಕ್ಕೆ ಹೋಗುವವರು ಯಾರೆಂದು ಎಲ್ಲರಿಗೂ ಗೊತ್ತು. ಕಡುಬಡವನೂ ಕರೆದ ಮನೆಗೆ ಬರಿಗೈಯಲ್ಲಿ, ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೋಗುತ್ತಾನೆ. ಅದು ಅವನ ಮರ್ಯಾದೆ. ಅತ್ತೆಗೂ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಎತ್ತು ಸತ್ತ ಸಿಟ್ಟಿನಲ್ಲಿ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ.

ಹುಣ್ಣಿಮೆಗೆ ಮುಂಚೆ ನನ್ನನ್ನು ಕಟ್ಟಿಕೊಂಡು ಅಣ್ಣಿಗೇರಿಗೆ ಹೋಗಿ ಪತ್ರೋಳಿಗೆ ಅಂಗಡಿ ಅಂಗಡಿ ಅಲೆದರು. ಒಂದು ಕಡೆ ಸಿಕ್ಕವು. ಅತ್ತೆ ತಿರುವಿ ನೋಡಿದರು. ಮೇಲೆ ಎಲೆ, ಕೆಳಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. “ಸೋರಂಗಿಲ್ರಿ ಅಮ್ಮಾರ, ಗಟ್ಟಿ ಅದಾವು” ಎಂದ ಅಂಗಡಿಯವ. ಅತ್ತೆ ಅದನ್ನು ಕೆಳಗಿಟ್ಟು, “ಸೋರಂಗಿಲ್ಲ, ಕೊಳಿಯಂಗೂ ಇಲ್ಲ” ಎಂದು ಹೇಳಿ ನಡೆದರು.

ಹುಣ್ಣಿಮೆಯ ದಿನ ನಾವು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೊಲಕ್ಕೆ ಹೋದೆವು. ಅತ್ತೆ ಇಡೀ ಓಣಿಗಾಗುವಷ್ಟು ಅಡುಗೆ ಮಾಡಿಸಿದ್ದರು. ಕಡಿಮೆ ಮಾಡೂಣುರಿ ಎಂದರೆ, “ಬರ್ತಾರ. ವರ್ಷಾ ಬರವರು ಎಲ್ಲಿ ಹೋಕ್ಕಾರ” ಎಂದಿದ್ದರು. ಪೂಜೆಯಾಯಿತು, ಚರಗ ಚೆಲ್ಲಿಯಾಯಿತು. ಬನ್ನಿಮರದ ಕೆಳಗೆ ಜಮಖಾನೆ ಹಾಸಿ ಕೂತೆವು. ಸ್ವಲ್ಪ ಹೊತ್ತಿಗೆ ರಸ್ತೆಯಲ್ಲಿ ಟ್ರ್ಯಾಕ್ಟರು ಬಂತು. ಓಣಿಯವರೆಲ್ಲ ಅದರಲ್ಲಿದ್ದರು, ಹೆಣ್ಣುಮಕ್ಕಳು ಹಾಡುತ್ತಿದ್ದರು. ಟ್ರ್ಯಾಕ್ಟರು ನಮ್ಮ ಬದುವಿನ ಹತ್ತಿರ ನಿಲ್ಲಲಿಲ್ಲ. ಮುಂದೆ ಕಾಕುವಿನ ಮೈದುನರ ಹೊಲದಲ್ಲಿ ನಿಂತಿತು. ಅಲ್ಲಿಂದ ನಗೆ, ಕೇಕೆ ನಮಗೆ ಕೇಳುತ್ತಿತ್ತು.

ನನ್ನ ಗಂಡನಿಗೆ ತಡೆಯಲಾಗಲಿಲ್ಲ.

“ಯವ್ವಾ, ಈ ವರ್ಷ ಒಂದ್ಸಲ ಬಿಡು. ನಾ ಹೋಗಿ ಎಲ್ಲಾರನ್ನೂ ಕರಕೊಂಡು ಬರ್ತೀನಿ. ಹ್ಯಾಂಗರ ಉಣ್ಣಲಿ.”

“ಹೋಗು ತಮ್ಮಾ” ಎಂದರು ಅತ್ತೆ. “ಬರೂಮುಂದ ಆ ಸತ್ತ ಎತ್ತನ್ನೂ ಕರಕೊಂಡು ಬಾ.”

ಅವರು ಕೂತಲ್ಲಿಂದ ಏಳಲಿಲ್ಲ. ನಾವು ಮೂವರು, ಜೊತೆಗೆ ನನ್ನ ಪುಟ್ಟ ಮಗಳು, ಅಷ್ಟು ಅಡುಗೆಯ ನಡುವೆ ಕೂತು ಉಂಡೆವು. ನಾನು ಅರ್ಧ ರೊಟ್ಟಿಗೇ ಕೈ ತೊಳೆದೆ. ಅತ್ತೆ ಮಾತ್ರ ಎರಡು ರೊಟ್ಟಿ, ಒಂದು ಹೋಳಿಗೆ, ಮೊಸರನ್ನ ಎಲ್ಲ ಕ್ರಮವಾಗಿ ಉಂಡು ತಾಟು ಬಳಿದರು. ಅವರ ಕಣ್ಣು ಮಾತ್ರ ಆ ಹೊಲದ ಕಡೆಯೇ ಇತ್ತು. ನನಗೆ ಅಂದು ಅವರ ಮೇಲೆ ಸಿಟ್ಟೂ ಬಂತು, ಅವರನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು.

ಮನೆಗೆ ಬಂದರೆ ಬುಟ್ಟಿಗಟ್ಟಲೆ ಅಡುಗೆ ಉಳಿದಿದೆ. ಅನ್ನ ಚೆಲ್ಲುವ ಮಾತು ಆ ಮನೆಯಲ್ಲಿ ಆಡುವಂತಿಲ್ಲ. ಅತ್ತೆ ನೇರವಾಗಿ ಒಳಗೆ ಹೋಗಿ ನನ್ನ ಟ್ರಂಕು ತೆಗೆದರು. ನನ್ನ ಮದುವೆಯಲ್ಲಿ ಆಯೇರಿಯಾಗಿ ಬಂದ ಸ್ಟೀಲ್ ತಾಟುಗಳು ಅದರಲ್ಲಿದ್ದವು. ತವರಿನವರು, ಬಂಧುಗಳು ಕೊಟ್ಟವು, ಒಂದೂ ಬಳಸಿರಲಿಲ್ಲ.

“ಅತ್ತಿ, ಅವು ನನ್ನ ಮಗಳ ಮದುವಿಗಂತ ಇಟ್ಟೀನ್ರಿ!”

“ನಿನ್ನ ಮಗಳಿಗೆ ಕೊಡ್ತಿ. ಅಕಿ ಟ್ರಂಕಿನ್ಯಾಗ ಇಟ್ಟು ಅಕಿ ಮಗಳಿಗೆ ಕೊಡ್ತಾಳ. ತಾಟಿನ್ಯಾಗ ಉಣ್ಣೂದು ಯಾವಾಗ?”

ನಾನು ತಾಟಿನ ಒಂದು ಅಂಚು ಹಿಡಿದಿದ್ದೆ, ಅವರು ಇನ್ನೊಂದು. ಕೊನೆಗೆ ಬಿಟ್ಟವಳು ನಾನೇ. ಅವರ ಎದುರು ಗೆದ್ದವರು ಯಾರಿದ್ದಾರೆ! ಪ್ರತಿ ತಾಟಿಗೂ ಎರಡು ಹೋಳಿಗೆ, ಕಡುಬು, ರೊಟ್ಟಿ, ಪಲ್ಲೆ ಇಟ್ಟು, ನಾನು ಹೊಲಿದ ಅರಿವೆ ಮುಚ್ಚಿ, ಓಣಿಯ ಮನೆ ಮನೆಗೆ ಒಯ್ಯಲು ನನಗೆ ಹೇಳಿದರು. ನಮಗೆ ಬೆನ್ನು ತೋರಿಸಿ ಹೋದವರ ಮನೆಗೇ. “ಹಬ್ಬದ ಅಡಿಗಿ. ಜಗಳ ಬ್ಯಾರೆ, ಅಡಿಗಿ ಬ್ಯಾರೆ” ಎಂದರು. ಎದುರುಮನೆಗೆ ಮೊದಲು ಕಳಿಸಿದರು. ಕಾಕು ತಾಟು ತೆಗೆದುಕೊಂಡು, ನನ್ನನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆಯಿಂದ ತಾಟುಗಳು ಮರಳತೊಡಗಿದವು. ಒಂದರಲ್ಲಿ ಬೆಲ್ಲ, ಒಂದರಲ್ಲಿ ಹಸಿ ಶೇಂಗಾ, ಇನ್ನೊಂದರಲ್ಲಿ ಚಕ್ಕುಲಿ. ಹಿಂದಿನ ದಿನ ನಮ್ಮ ಕಡೆ ತಿರುಗಿಯೂ ನೋಡದವರು ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಂಡು, “ತಗೋರ್ರಿ” ಎಂದು ಕೊಟ್ಟು ಹೋದರು. ಕೊನೆಗೆ ಕಾಕು ಬಂದರು. ತಾಟಿನ ತುಂಬ ಬ್ಯಾಡಗಿ ಮೆಣಸಿನಕಾಯಿ. ಕಟ್ಟೆಯ ಮೇಲೆ ಇಟ್ಟು, “ಖಾಲಿ ಕೊಡೂ ಮನಿತನ ನಮ್ಮದಲ್ಲ” ಎಂದು ಅತ್ತೆಗೆ ಕೇಳುವಂತೆ ಹೇಳಿ ಹೊರಟರು.

ಅತ್ತೆ ಬಾಗಿಲಲ್ಲಿ ನಿಂತು ಇದೆಲ್ಲ ನೋಡುತ್ತಿದ್ದರು. ಕಾಕು ಹೋದ ಮೇಲೆ ನನ್ನ ಕಡೆ ತಿರುಗಿದರು.

“ನೋಡಿದೇನವಾ? ಎಲ್ಲಾರೂ ತಾಟು ಹಿಡಕೊಂಡು ಬಂದ್ರು.”

“ಹೌದ್ರಿ, ಬಂದ್ರು.”

“ಯಾರಿಗೂ ಬೇಡಾಕ ಬಂದಂಗ ಅನಸಲಿಲ್ಲ. ಕೊಡಾಕ ಬಂದಾರ.”

ಅಷ್ಟೇ ಹೇಳಿದರು. ಆದರೆ ಆ ದಿನ ಅವರು ಚಹಾಕ್ಕೆ ಸಕ್ಕರೆ ಬಹಿರಂಗವಾಗಿಯೇ ಹೆಚ್ಚು ಹಾಕಿಕೊಂಡರು. ಏನೋ ಯೋಚನೆ ನಡೆದಿದೆ ಎಂದು ನನಗೆ ಗೊತ್ತಾಯಿತು.

ಮುಂದಿನ ವರ್ಷ ಅವರು ಕಟ್ಟೆಯ ಮೇಲೆ ಏನೂ ಹೇಳಲಿಲ್ಲ. ತಾಟಿನ ಸುದ್ದಿಯೇ ಎತ್ತಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಮಾತ್ರ ಟ್ರಂಕಿನ ತಾಟುಗಳೆಲ್ಲ ಹೊರಗೆ ಬಂದವು. ಪಾತ್ರೆ ಮಾರುವ ಬಾಂಡೆ ಅಂಗಡಿಯಲ್ಲಿ ಅವುಗಳ ಅಂಚಿಗೆ ನಮ್ಮ ಮನೆಯ ಗುರುತೆಂದು ಮೂರು ಚುಕ್ಕೆ ಹೊಡೆಸಿ ತಂದಿದ್ದರು. ಪ್ರತಿಯೊಂದರಲ್ಲೂ ಎಳ್ಳು ಹೋಳಿಗೆ. ಓಣಿಯ ಒಂದೊಂದು ಮನೆಗೂ ಅಲ್ಲಿ ಉಣ್ಣುವವರು ಎಷ್ಟು ಜನರೋ ಅಷ್ಟು ತಾಟು. ನಮ್ಮವು ಸಾಲದೆ, ಅವರು ತಮ್ಮ ಕಾಲದ ಹಿತ್ತಾಳೆಯ ತಾಟುಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಸಿದ್ದರು. ನಾನು ಕೊಡುವಾಗ ಹೇಳಬೇಕಾದ ಮಾತು ಇಷ್ಟೇ: “ನಾಳಿ ಹೊಲಕ್ಕ ಬರ್ರಿ.”

ಹುಣ್ಣಿಮೆಯ ದಿನ ನಮ್ಮ ಹೊಲದಲ್ಲಿ ಪೂಜೆ ಮುಗಿಯಿತು. ಅತ್ತೆ ಚರಗ ಚೆಲ್ಲಿ ಬಂದು ಜಮಖಾನೆಯ ಮೇಲೆ ಕೂತರು. ಮೊಣಕಾಲ ಮೇಲಿಟ್ಟ ಕೈ ಸುಮ್ಮನಿರಲಿಲ್ಲ, ಸೊಟ್ಟ ಬೆರಳು ಸೀರೆಯ ಅಂಚು ಸುರುಳಿ ಸುತ್ತುತ್ತಿತ್ತು. ಆ ಹೆಣ್ಣುಮಗಳಿಗೆ ಹೆದರಿಕೆಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಟ್ರ್ಯಾಕ್ಟರಿನ ಸಪ್ಪಳ ಕೇಳಿತು. ಬದುವಿನ ಹತ್ತಿರ ಬಂದು ನಿಂತಿತು. ಮೊದಲು ಇಳಿದವರು ಕಾಕು. ಕೈಯಲ್ಲಿ ಮೂರು ಚುಕ್ಕೆಯ ತಾಟುಗಳ ಗಂಟು, ಮೇಲಿನ ತಾಟಿನಲ್ಲಿ ರಾಶಿ ಕರ್ಚಿಕಾಯಿ. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಚಿತ್ರಾನ್ನ, ಭಜ್ಜಿ, ಹಿಟ್ಟಿನ ಪಲ್ಲೆ, ಮಾದಲಿ. ಖಾಲಿ ತಾಟು ಒಂದೂ ಇಲ್ಲ. ತಂದದ್ದನ್ನೆಲ್ಲ ನಡುವೆ ಸುರಿದು, ಅದೇ ತಾಟುಗಳನ್ನು ಮುಂದಿಟ್ಟುಕೊಂಡು ಸಾಲಾಗಿ ಕೂತರು.

ಕಾಕು ಅತ್ತೆಯ ಪಕ್ಕದಲ್ಲೇ ಕೂತು, ಎರಡು ತುತ್ತು ಉಂಡ ಮೇಲೆ ತಾಟನ್ನು ತಿರುಗಿಸಿ ಚುಕ್ಕೆ ನೋಡಿ ಹೇಳಿದರು.

“ನಿನ್ನ ಆಟ ನನಗ ತಿಳೀತು ಬೇ.”

“ತಿಳದ್ರ ತಿಳೀಲಿ. ಉಣ್ಣು.”

ಇಬ್ಬರೂ ನಕ್ಕರು. ನಕ್ಕು ನಕ್ಕು ಕಾಕುವಿಗೆ ಕೆಮ್ಮು ಬಂತು. ಅತ್ತೆ ನೀರು ಕೊಟ್ಟು ಬೆನ್ನು ಸವರಿದರು.

ಉಂಡ ತಾಟನ್ನು ಎಂಜಲಾಗಿಯೇ ಮರಳಿಸಲು ಯಾರಿಗೂ ಮನಸ್ಸು ಬಾರದು. ಎಲ್ಲರೂ ಮನೆಗೆ ಒಯ್ದು ತೊಳೆದರು. ತೊಳೆದ ಮೇಲೆ ಖಾಲಿ ಕೊಡುವಂತಿಲ್ಲ. ಮತ್ತೆ ಏನಾದರೂ ಇಟ್ಟು ಕಳಿಸಿದರು. ಅದಕ್ಕೆ ಪ್ರತಿಯಾಗಿ ನಾವೂ ಏನಾದರೂ ಇಟ್ಟು ತಿರುಗಿ ಕಳಿಸಿದೆವು. ಹೀಗೆ ದೀಪಾವಳಿಯವರೆಗೂ ತಾಟುಗಳು ಓಣಿಯಲ್ಲಿ ತಿರುಗುತ್ತಲೇ ಇದ್ದವು. ಈ ಕೊಡುವ ತೆಗೆದುಕೊಳ್ಳುವ ಓಡಾಟದಲ್ಲಿ ನನ್ನ ಹೊಲಿಗೆ ಹಿಂದೆ ಬಿತ್ತು, ಗಿರಾಕಿಗಳು ಬೈದರು. ಆದರೆ ಹುಣ್ಣಿಮೆಯ ಮರುದಿನ ಹೊಲಕ್ಕೆ ಹೋಗಿ ನೋಡಿದರೆ ಬನ್ನಿಮರದ ಕೆಳಗೆ ಬಿದ್ದಿದ್ದು ಅನ್ನದ ಅಗಳು ಮಾತ್ರ. ಅದನ್ನು ಗುಬ್ಬಿಗಳು ಆರಿಸುತ್ತಿದ್ದವು.

ಅಂದಿನಿಂದ ಲೋಕವೇ ಬದಲಾಯಿತೆಂದು ನಾನು ಹೇಳುವುದಿಲ್ಲ. ಅದೇ ಓಣಿಯ ಮದುವೆಗಳಲ್ಲಿ ಪ್ಲಾಸ್ಟಿಕ್ ಗ್ಲಾಸು ಉರುಳುತ್ತಲೇ ಇದ್ದವು. ಅತ್ತೆ ಅಲ್ಲಿಗೆ ಹೋದರೆ ಬೆಳ್ಳನೆಯ ತಾಟು ಮುಟ್ಟುತ್ತಿರಲಿಲ್ಲ. ಎಡಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಲೆ ಹಾಕಿಸಿಕೊಂಡು ನಿಂತೇ ಉಂಡು ಬರುವರು. ನನ್ನ ಗಂಡ ಒಂದು ದಸರೆಗೆ ಗಾಡಿಗೆಂದು ಪ್ಲಾಸ್ಟಿಕ್ ಹೂಮಾಲೆ ತಂದಾಗ ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದರು. ಮಾಲೆ ಅಂಗಡಿಗೆ ವಾಪಸು ಹೋದ ಮೇಲೆಯೇ ಅವನಿಗೆ ಬಿಸಿ ರೊಟ್ಟಿ ಸಿಕ್ಕಿದ್ದು. ಕೊಟ್ಟಿಗೆಯ ಗೂಟದ ಉಂಡೆ ಅಲ್ಲೇ ಇತ್ತು. ಬಂದ ಬೀಗರು ಏನದು ಎಂದು ಕೇಳಿದರೆ ಅತ್ತೆಗೆ ಹೇಳಲು ಒಂದು ನೆಪ.

ಹೋದ ವರ್ಷ ದಸರೆಯ ಹೊತ್ತಿಗೆ ಅವರ ಉಸಿರು ತುಂಬಾ ಸೋತಿತ್ತು. ಬನ್ನಿಮರ ಕಾಯಲು ಹೋಗಲಾಗಲಿಲ್ಲ. ಹುಡುಗರೇ ಒಂದೊಂದು ಎಸಳು ತಂದು ಹಾಸಿಗೆಯ ಪಕ್ಕ ಇಟ್ಟು ಹೋದರು, “ಒಂದ ಕಿತ್ತೀವ್ರಿ ಆಯಿ” ಎಂದು ಹೇಳಿಕೊಂಡೇ. ಹುಣ್ಣಿಮೆಯ ಹಿಂದಿನ ದಿನ ನಾನು, ಈ ಸಲ ತಾಟು ಬೇಡ, ನಿಮಗೆ ಮೈ ಚೆನ್ನಾಗಿಲ್ಲ ಎಂದೆ. ದಿಂಬಿಗೆ ಒರಗಿ ಕೂತು ನನ್ನ ಕಡೆ ಬೆರಳು ಮಾಡಿದರು. ಬೆರಳು ಟ್ರಂಕಿನ ಕಡೆ ತೋರಿಸಿತು. ಆ ಒಂದು ಸಲ ಅದು ತೋರಿಸಿದ್ದೇ ಸರಿ.

ತಾಟುಗಳು ಹೋದವು. ಎದುರುಮನೆಗೆ ಹೋಯಿತೋ ಎಂದು ಕೇಳಿದರು. ಹೋಯಿತು ಎಂದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ತೀರಿಕೊಂಡರು.

ಮರುದಿನ ಶೀಗಿ ಹುಣ್ಣಿಮೆ. ಓಣಿಯಲ್ಲಿ ಯಾರೂ ಹಬ್ಬ ಮಾಡಲಿಲ್ಲ. ಅವರ ಇಚ್ಛೆಯಂತೆ ಹೊಲದಲ್ಲೇ, ಬನ್ನಿಮರದಿಂದ ಸ್ವಲ್ಪ ದೂರದಲ್ಲಿ ಮಣ್ಣು ಮಾಡಿದೆವು. ವರ್ಷವೂ ಅದೇ ದಿನ ಬರುತ್ತಿದ್ದ ಜನ ಅಂದೂ ಬಂದರು. ಯಾರೂ ಹಾಡಲಿಲ್ಲ. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿ ಮರಳಿದರು.

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸಂಜೆ ನಾನು ಗೋಡೆಗೆ ಒರಗಿ ಕೂತಿದ್ದೆ. ಬಾಗಿಲಲ್ಲಿ ಕಾಕು ನಿಂತಿದ್ದರು. ಕೈಯಲ್ಲಿ ಮೂರು ಚುಕ್ಕೆಯ ತಾಟು, ಅದರಲ್ಲಿ ರೊಟ್ಟಿ, ಬ್ಯಾಳಿ. ತಾಟನ್ನು ನನ್ನ ಮುಂದಿಟ್ಟು ಪಕ್ಕದಲ್ಲೇ ಕೂತರು. ಕೊನೆಗೆ ಇಷ್ಟು ಹೇಳಿದರು:

“ನಿನ್ನೆ ಕಳಿಸಿದ್ಲಲ್ಲ ಬೇ. ಖಾಲಿ ಹ್ಯಾಂಗ ಕೊಡ್ಲಿ?”

ಆಮೇಲೆ ಒಂದೊಂದೇ ಮನೆಯಿಂದ ತಾಟುಗಳು ಬಂದವು. ಅನ್ನ, ಸಾರು, ರೊಟ್ಟಿ, ಪಲ್ಲೆ. ಅತ್ತೆ ಹಿಂದಿನ ದಿನ ಕಳಿಸಿದ ತಾಟುಗಳಲ್ಲೇ ಅವರ ಮನೆಯವರಾದ ನಾವು ಅಂದು ಉಂಡೆವು. ನನ್ನ ಗಂಡ ಒಂದು ತುತ್ತು ಬಾಯಿಗಿಟ್ಟು ದೊಡ್ಡ ದನಿ ತೆಗೆದು ಅತ್ತ. ನಾನೂ ಆಗಲೇ ಅತ್ತದ್ದು.

ವರ್ಷ ತುಂಬುವವರೆಗೆ ನಮ್ಮಲ್ಲಿ ಹಬ್ಬವಿರಲಿಲ್ಲ. ತಾಟುಗಳನ್ನು ಬೂದಿ ಹಚ್ಚಿ ತಿಕ್ಕಿ ಒರೆಸಿದೆ, ಆದರೆ ಟ್ರಂಕಿಗೆ ಹಾಕಲು ಕೈ ಬರಲಿಲ್ಲ. ಅಡುಗೆಮನೆಯ ಗೂಡಿನಲ್ಲಿ ಕಣ್ಣಿಗೆ ಕಾಣುವಂತೆ ಇಟ್ಟೆ. ಮಗಳಿಗೆ ಹೇಳಿದ್ದೇನೆ, ನಿನ್ನ ಮದುವೆಗೆ ಇವು ಸಿಗುವುದಿಲ್ಲ ಎಂದು. ಬೇಕಾದರೆ ತಾಟು ಹೀಗೆ ತಿರುಗುವಂಥ ಓಣಿ ಹುಡುಕಿಕೊಂಡು ಹೋಗು ಎಂದೆ.

ಇಂದು ಅತ್ತೆಯ ವರ್ಷದ ಎಡೆ ಮುಗಿಯಿತು. ನಾಳೆ ಶೀಗಿ ಹುಣ್ಣಿಮೆ. ಮಧ್ಯಾಹ್ನದಿಂದ ಮನೆ ಮನೆಗೆ ತಾಟು ಒಯ್ದು ಕೊಟ್ಟು ಬಂದಿದ್ದೇನೆ, ಎದುರುಮನೆಗೆ ಮೊದಲು. ಗೂಡಿನಲ್ಲಿ ಒಂದು ತಾಟು ಮಾತ್ರ ಉಳಿದಿದೆ. ಅಂಚು ನೆಗ್ಗಿದ, ಅವರು ದಿನವೂ ಉಣ್ಣುತ್ತಿದ್ದ ತಾಟು. ನಾಳೆ ಬೆಳಿಗ್ಗೆ ಟ್ರ್ಯಾಕ್ಟರು ಹೊರಡುವ ಮೊದಲೇ ನಾನು ಹೊಲಕ್ಕೆ ಹೋಗುತ್ತೇನೆ. ಆ ತಾಟಿನ ತುಂಬ ಎಳ್ಳು ಹೋಳಿಗೆ, ಸಜ್ಜಿ ರೊಟ್ಟಿ, ಎಣ್ಣೆಗಾಯಿ ಇರುತ್ತದೆ. ಮೊದಲ ಚರಗ ಅವರು ಮಲಗಿದ ಮಣ್ಣಿಗೆ. ಅವರು ನನ್ನ ಕೈಗೆ ಕೊಟ್ಟು ಹೋದ ತಾಟು ಅದು. ಖಾಲಿ ಮರಳಿಸುವ ಮನೆತನ ನಮ್ಮದಲ್ಲ.